ಸಹಿಗಾಗಿ ಕಾದಿರುವ ಅಣ್ಣತಮ್ಮಂದಿರಿಗೆ

ಪ್ರಿಯ ಅಣ್ಣತಮ್ಮಂದಿರೇ,

ಹಕ್ಕು ಬಿಡುಗಡೆ ಪತ್ರವನ್ನು ನೀವು ಪೂರ್ತಿ ಓದಿದ್ದೀರೋ ಇಲ್ಲವೋ ಕಾಣೆ. ನಾನಂತೂ ಸಹಿ ಹಾಕಿಸಿಕೊಂಡ ದಿನ ಓದಿರಲಿಲ್ಲ. ಇಪ್ಪತ್ತು ವರ್ಷದ ಮೇಲೆ, ಬೆಳೆಸಾಲದ ಅರ್ಜಿಗೆಂದು ಟ್ರಂಕಿನಿಂದ ಹಳೆಯ ಕಾಗದ ತೆಗೆದಾಗ ಓದಿದೆ. ‘ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ’ ಎಂದಿತ್ತು. ‘ಅರಿಶಿನ ಕುಂಕುಮದ ಬಾಬ್ತು’ ಎಂದು ಒಂದು ಮೊತ್ತವಿತ್ತು. ಅದೆಷ್ಟೆಂದು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಕೆಳಗೆ ಇಬ್ಬರ ಸಹಿ. ಅಕ್ಕನದು ಒಂದೊಂದೇ ಅಕ್ಷರ ಬಿಡಿಸಿ ಬರೆದದ್ದು. ತಂಗಿಯದು ಒಂದೇ ಎಳೆತದ್ದು.

2001ನೇ ಇಸವಿ. ಇಬ್ಬರೂ ಗೌರಿ ಹಬ್ಬಕ್ಕೆ ಬಂದಿದ್ದರು. ಬಾಗಿನ ಕೊಟ್ಟು, ಗಣಪತಿ ಬಿಟ್ಟು, ಹಬ್ಬದ ಮೂರನೆಯ ದಿನ ಬಾಡಿಗೆ ಜೀಪು ಮಾಡಿಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದೆವು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ದಾರಿಯಲ್ಲಿ ಯಾರೂ ಜಮೀನಿನ ಮಾತೆತ್ತಲಿಲ್ಲ. ಮಳೆಯ ಬಗ್ಗೆ, ಅಡಕೆಯ ಕೊಳೆರೋಗದ ಬಗ್ಗೆ ಮಾತಾಡಿದೆವು. ಕಚೇರಿಯಲ್ಲಿ ತಂಗಿ ಕೇಳಿದ್ದು ಒಂದೇ ಪ್ರಶ್ನೆ: ‘ಎಲ್ಲಿ ಹಾಕಬೇಕು?’ ಪತ್ರ ಬರಹಗಾರರು ಪೆನ್ಸಿಲಿನಲ್ಲಿ ಗುರುತು ಮಾಡಿ ತೋರಿಸಿದರು. ವಾಪಸು ಬರುವಾಗ ಹೋಟೆಲಿನಲ್ಲಿ ಮಸಾಲೆ ದೋಸೆ ತಿನ್ನಿಸಿದೆ. ಸಂತೋಷ ಅಂತ ಆ ದಿನ ಇದ್ದದ್ದು ಆ ದೋಸೆ ಮಾತ್ರ.

ನಾನು ಸಾಗರ ತಾಲ್ಲೂಕಿನವನು. ನಮ್ಮದು ಗೇಣಿದಾರರ ಮನೆ. ಕಾಗೋಡಿನಲ್ಲಿ 1951ರಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಅಳತೆಗಾಗಿ ಶುರುವಾದ ಜಗಳ ಸತ್ಯಾಗ್ರಹವಾಗಿ, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದ ಕತೆಯನ್ನು ಅಜ್ಜ ಹೇಳುತ್ತಿದ್ದರು. ಆದರೆ ಗದ್ದೆ ನಮ್ಮದಾದದ್ದು 1974ರ ಕಾನೂನಿನಿಂದ. ದೇವರಾಜ ಅರಸು ಸರ್ಕಾರದ ತಿದ್ದುಪಡಿ ಆ ವರ್ಷ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿ ಜಮೀನೆಲ್ಲ ಸರ್ಕಾರದ ವಶವಾಯಿತು, ಉಳುತ್ತಿದ್ದವರು ನಮೂನೆ 7 ತುಂಬಿ ಕೊಟ್ಟರು. ನಮ್ಮ ಕಡೆ ಇದಕ್ಕೆ ಇಂದಿಗೂ ‘ಡಿಕ್ಲರೇಷನ್ ಹಾಕಿದ್ದು’ ಅಂತಲೇ ಹೇಳುತ್ತಾರೆ. ಅಪ್ಪನೂ ಹಾಕಿದರು. ಟ್ರಿಬ್ಯೂನಲ್ಲಿನ ಆದೇಶ ಬಂದ ದಿನ ಅಮ್ಮ ಪಾಯಸ ಮಾಡಿದ್ದಳಂತೆ.

ನಿಮ್ಮಲ್ಲೂ ಬಹಳ ಜನರ ಗದ್ದೆ ಹೀಗೇ ಬಂದದ್ದು. ಅದಕ್ಕೇ ಈ ಪತ್ರ. ‘ಮನೆಯೊಳಗೆ ಕಾನೂನು ತರಬೇಡಿ’ ಎಂದು ನಾವು ಅಕ್ಕತಂಗಿಯರಿಗೆ ಹೇಳುತ್ತೇವೆ. ಆದರೆ ಆ ಮನೆಗೆ ಅನ್ನ ಬಂದದ್ದೇ ಕಾನೂನಿನಿಂದ. ಆಗ ಒಡೆಯರ ಮನೆಯವರೂ ಇದನ್ನೇ ಹೇಳಿದ್ದರು: ತಲೆಮಾರಿನ ಸಂಬಂಧ ಕೆಟ್ಟಿತು, ನಂಬಿಕೆ ಹೋಯಿತು, ಕೇಳಿದ್ದರೆ ನಾವೇ ಕೊಡುತ್ತಿದ್ದೆವಲ್ಲ. ಅಪ್ಪ ಆ ಮಾತಿಗೆ ನಗುತ್ತಿದ್ದರು.

ಆ ಕಾಯ್ದೆ ಯಾಕೆ ನಡೆಯಿತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಉಳುವವನ ಪರವಾದ ಮಾತು ಕಾನೂನಿನ ಪುಸ್ತಕಕ್ಕೆ ಸೇರಿದ್ದು 1974ರಲ್ಲೇ ಮೊದಲಲ್ಲ. 1961ರ ಭೂಸುಧಾರಣೆ ಕಾಯ್ದೆಯಲ್ಲೂ ಅದು ಇತ್ತು, ಹೆಚ್ಚೇನೂ ಕದಲಲಿಲ್ಲ. 1974ರದು ಕೈಕಾಲು ಇಟ್ಟುಕೊಂಡು ಬಂತು. ತಾಲ್ಲೂಕಿನಲ್ಲೇ ನ್ಯಾಯಮಂಡಳಿ ಕೂರುತ್ತಿತ್ತು. ಅದರ ಮುಂದೆ ವಕೀಲರು ನಿಲ್ಲುವಂತಿರಲಿಲ್ಲ. ದುಡ್ಡಿದ್ದವನ ನಾಲಿಗೆ ಬಡವನ ನಾಲಿಗೆಗಿಂತ ಉದ್ದವಾಗಬಾರದೆಂಬ ಲೆಕ್ಕ. ಒಡೆಯನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಎಲ್ಲಕ್ಕಿಂತ ಜಾಣತನದ್ದು 61ನೇ ಕಲಮು: ಹೀಗೆ ಸಿಕ್ಕಿದ ಜಮೀನನ್ನು ಹದಿನೈದು ವರ್ಷ ಮಾರುವಂತಿಲ್ಲ, ದಾನ ಕೊಡುವಂತಿಲ್ಲ, ಗೇಣಿಗೆ ಬಿಡುವಂತಿಲ್ಲ. ನಿನ್ನೆ ತನಕ ಕೈಕಟ್ಟಿ ನಿಂತವನಿಗೆ ಇವತ್ತು ಹಕ್ಕು ಕೊಟ್ಟರೆ, ನಾಳೆ ಅದೇ ಒಡೆಯನ ಜಗಲಿಯ ಮೇಲೆ ಕೂತು ‘ಸ್ವಸಂತೋಷದಿಂದ’ ಬರೆದುಕೊಟ್ಟುಬಿಡುತ್ತಾನೆ ಎಂಬುದು ಅದನ್ನು ಬರೆದವರಿಗೆ ಗೊತ್ತಿತ್ತು. ಸೋತವನ ಸಹಿಯನ್ನು ಕಾನೂನು ನಂಬಲಿಲ್ಲ. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಬಂದದ್ದೂ ಇದೇ ತಿಳಿವಳಿಕೆಯಿಂದ.

ಈಗ ಅಕ್ಕತಂಗಿಯರ ಕಾನೂನಿಗೆ ಬನ್ನಿ.

ಅದೂ ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1933ರಲ್ಲೇ, ಮೈಸೂರು ಸಂಸ್ಥಾನ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ಮಾಡಿತ್ತು. ವಿಭಾಗವಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಒಂದು ಅಂಶ ಕೊಡಬೇಕೆಂದಿತು. ಗಂಡಿನಷ್ಟೇ ಅಲ್ಲ, ಆದರೂ ಒಂದು ಅಂಶ. 1956ರಲ್ಲಿ ಕೇಂದ್ರದ ಉತ್ತರಾಧಿಕಾರ ಕಾಯ್ದೆ ಬಂತು. ಅಪ್ಪ ಉಯಿಲು ಬರೆಯದೆ ಹೋದರೆ ಅವನ ಸ್ವಂತದ್ದರಲ್ಲಿ ಮಗಳು ಮಗನಷ್ಟೇ ಹಕ್ಕುದಾರಳಾದಳು. ಪಿತ್ರಾರ್ಜಿತದಲ್ಲಿ ಮಾತ್ರ ಹುಟ್ಟಿನ ಹಕ್ಕು ಗಂಡಿಗೇ ಉಳಿಯಿತು. ವಾಸದ ಮನೆಯನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವ ತನಕ ಅಕ್ಕತಂಗಿಯರು ಬಾಯಿ ಬಿಡುವಂತಿರಲಿಲ್ಲ. ಆ 23ನೇ ಕಲಮು ಹೋದದ್ದು 2005ರಲ್ಲಿ.

1994ರಲ್ಲಿ ಕರ್ನಾಟಕ ತಾನೇ ಒಂದು ಹೆಜ್ಜೆ ಮುಂದೆ ಹೋಯಿತು. ಆ ವರ್ಷದ ಜುಲೈ 30ರಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು. ದಿಲ್ಲಿಗಿಂತ ಹನ್ನೊಂದು ವರ್ಷ ಮೊದಲು. ಆದರೆ ಬಾಲದಲ್ಲೊಂದು ಕೊಕ್ಕೆ ಇತ್ತು: ಆ ದಿನಕ್ಕೆ ಮುಂಚೆ ಮದುವೆಯಾದವರಿಗೆ ಇಲ್ಲ. ನಮ್ಮಕ್ಕನ ಮದುವೆ 1987ರಲ್ಲಿ, ತಂಗಿಯದು 1996ರಲ್ಲಿ. ಒಂದೇ ಹೊಟ್ಟೆಯಲ್ಲಿ ಹುಟ್ಟಿ ಒಂದೇ ಕಂಬಳಿಯಲ್ಲಿ ಮಲಗಿದವರ ನಡುವೆ ಸರ್ಕಾರ ಒಂದು ತಾರೀಖಿನ ಬೇಲಿ ಹಾಕಿತು. ಶಾಲೆ ಬಿಟ್ಟು ಅಮ್ಮನ ಜೊತೆ ನಾಟಿಗೆ ಇಳಿದವಳು ಅಕ್ಕ. ಪಿಯುಸಿ ಓದಿದವಳು ತಂಗಿ. ಹಕ್ಕು ಸಿಕ್ಕಿದ್ದು ತಂಗಿಗೆ. ‘ಚಿಕ್ಕವಳ ಸಹಿ ಬೇಕೇ ಬೇಕು, ದೊಡ್ಡವಳದೂ ತಗೊಂಡುಬಿಡಿ, ಮುಂದೆ ರಗಳೆ ಬೇಡ’ ಎಂದಿದ್ದರು ನಮ್ಮ ವಕೀಲರು. ಕಾನೂನಿನ ಮಿತಿ ಏನೆಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ‘ತಗೊಂಡುಬಿಡಿ’.

ಬೇಲಿ ಕಿತ್ತದ್ದು 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ. ಮದುವೆ ಯಾವಾಗ ಆದರೇನು, ಮಗಳು ಮಗಳೇ. ಅಷ್ಟಾದರೂ ತಕರಾರು ಮುಗಿಯಲಿಲ್ಲ, ಮತ್ತು ದೊಡ್ಡ ತಕರಾರುಗಳಲ್ಲಿ ಎರಡು ನಮ್ಮ ರಾಜ್ಯದಿಂದಲೇ ಹೋದವು. ಬೆಳಗಾವಿಯಲ್ಲಿ 1992ರಲ್ಲಿ ಶುರುವಾದ ಫೂಲವತಿ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 2015ರಲ್ಲಿ. ತೀರ್ಪು, ಆ ಸೆಪ್ಟೆಂಬರ್ 9ರಂದು ಅಪ್ಪ ಬದುಕಿದ್ದರೆ ಮಾತ್ರ ಹೊಸ ಹಕ್ಕು ಎಂದಿತು. ದಾನಮ್ಮ ಪ್ರಕರಣದಲ್ಲಿ ಕೆಳಗಿನ ಕೋರ್ಟು, ಈ ಹೆಣ್ಣುಮಕ್ಕಳು 1956ಕ್ಕಿಂತ ಮೊದಲು ಹುಟ್ಟಿದವರು, ಆದ್ದರಿಂದ ಪಾಲಿಲ್ಲ ಎಂದಿತ್ತು. ಗಂಡುಮಕ್ಕಳನ್ನು ‘ನೀನು ಹುಟ್ಟಿದ್ದು ಯಾವ ಕಾಯ್ದೆಗಿಂತ ಮೊದಲು’ ಎಂದು ಯಾವ ಕೋರ್ಟಾದರೂ ಕೇಳಿದ್ದನ್ನು ನಾನು ಕಂಡಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟು ಅವರಿಗೆ ಪಾಲು ಕೊಟ್ಟಿತು. ಕೊನೆಗೆ 2020ರ ಆಗಸ್ಟ್ 11ರಂದು, ವಿನೀತಾ ಶರ್ಮಾ ಪ್ರಕರಣದಲ್ಲಿ, ಅಪ್ಪ ಬದುಕಿರಬೇಕಿಲ್ಲ, ಹಕ್ಕು ಹುಟ್ಟಿನದು ಎಂದು ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿತು. ಮೂವರಲ್ಲೊಬ್ಬರು ನಮ್ಮ ದಕ್ಷಿಣ ಕನ್ನಡದ ಅಬ್ದುಲ್ ನಜೀರ್. ಬಾಯಿಮಾತಿನಲ್ಲಿ ಎಂದೋ ವಿಭಾಗವಾಗಿತ್ತು ಎಂದು ಹೇಳಿ ನುಣುಚಿಕೊಳ್ಳುವ ದಾರಿಯನ್ನೂ ಆ ತೀರ್ಪು ಬಹುಮಟ್ಟಿಗೆ ಮುಚ್ಚಿತು.

ಎಲ್ಲ ದಾರಿ ಮುಚ್ಚಿದ ಮೇಲೆ ಉಳಿದದ್ದು ಒಂದೇ ಬಾಗಿಲು. ನಾನು ಜೀಪು ತೆಗೆದುಕೊಂಡು ಹೋದ ಬಾಗಿಲು.

ಅಪ್ಪನಿಗೆ ಸಿಕ್ಕಿದ ಹದಿನೈದು ವರ್ಷದ ಕಾವಲು ತಂಗಿಗೆ ಸಿಗಲಿಲ್ಲ. ಹಕ್ಕು ಬಂದ ಮರುದಿನವೇ ಅವಳು ಅದನ್ನು ಬಿಟ್ಟುಕೊಡಬಹುದು. ಅಪ್ಪನ ನ್ಯಾಯಕ್ಕೆ ಟ್ರಿಬ್ಯೂನಲ್ ತಾಲ್ಲೂಕಿಗೇ ಬಂದಿತ್ತು. ಅವಳ ನ್ಯಾಯಕ್ಕೆ ಅವಳೇ ಸಿವಿಲ್ ಕೋರ್ಟಿಗೆ ಹೋಗಬೇಕು, ಅದೂ ಬಾಗಿನ ಕೊಡುವ ಅಣ್ಣನ ಮೇಲೆ ದಾವೆ ಹೂಡಿ. ಮೊದಲನೆಯದು ಗದ್ದೆ ಕೊಟ್ಟ ಕಾನೂನು, ಎರಡನೆಯದು ಗದ್ದೆ ಕೇಳಲು ಅನುಮತಿ ಕೊಟ್ಟ ಕಾನೂನು. ಶಾಸನ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಅಪ್ಪ ಸತ್ತ ಕೆಲವು ವರ್ಷ ಯಾವ ಹೆಣ್ಣುಮಗಳ ಬಿಡುಗಡೆ ಪತ್ರವನ್ನೂ ನೋಂದಾಯಿಸಬಾರದೆಂಬ ಒಂದು ಸಾಲನ್ನು ಸೇರಿಸಿ ಎಂದು ಕೇಳಿಕೊಳ್ಳುತ್ತೇನೆ. ಆದರೆ ಈ ಪತ್ರ ಅವರಿಗಲ್ಲ. ಆ ಸಾಲು ಬರುವ ತನಕ ಪೆನ್ನು ಇರುವುದು ನಿಮ್ಮ ಜೇಬಿನಲ್ಲಿ.

ನಿಮ್ಮ ವಾದಗಳೆಲ್ಲ ನನಗೆ ಬಾಯಿಪಾಠ, ನನ್ನವೇ ಆಗಿದ್ದವು.

‘ಮದುವೆಗೆ ಅಷ್ಟು ಖರ್ಚು ಮಾಡಿದೆವಲ್ಲ.’ ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರಿಂದ ಅಪರಾಧ. ಹಾಗೆ ಕೊಟ್ಟದ್ದನ್ನೇ ಪಾಲಿನ ಬಾಬ್ತೆಂದು ಲೆಕ್ಕ ಹಾಕುವುದು ಒಂದು ತಪ್ಪನ್ನು ಇನ್ನೊಂದಕ್ಕೆ ಜಾಮೀನು ನಿಲ್ಲಿಸಿದಂತೆ. ಅಲ್ಲದೆ ಆ ದುಡ್ಡು ಹೋದದ್ದು ಬೀಗರ ಮನೆಗೆ. ಅವಳ ಹೆಸರಿಗೆ ಏನಿದೆ ಎಂದು ಕೇಳಿ ನೋಡಿ.

‘ಅಪ್ಪ ಅಮ್ಮನನ್ನು ನೋಡಿಕೊಂಡವರು ನಾವು.’ ನಿಜ, ಎಷ್ಟೋ ಮನೆಗಳಲ್ಲಿ. ನೋಡಿಕೊಂಡವರು ನಾವೋ ನಮ್ಮ ಹೆಂಡತಿಯರೋ ಎಂಬುದು ಬೇರೆ ಮಾತು. ಅವರಿಗೂ ಒಂದು ತವರಿದೆ, ಅಲ್ಲಿ ಅವರೂ ಸಹಿ ಹಾಕಿ ಬಂದಿದ್ದಾರೆ. 2007ರ ಹಿರಿಯ ನಾಗರಿಕರ ಕಾಯ್ದೆ ಹೆತ್ತವರ ಪೋಷಣೆಯ ಹೊಣೆಯನ್ನು ಮಗಳ ಮೇಲೂ ಇಟ್ಟಿದೆ. ಹೊಣೆ ಹೊರಿಸುವಾಗ ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಗಾದೆ ಯಾರಿಗೂ ನೆನಪಾಗುವುದಿಲ್ಲ.

‘ಪಾಲು ಕೇಳಿದರೆ ಕುಟುಂಬ ಒಡೆಯುತ್ತದೆ.’ ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂದು ನಮ್ಮ ಹಿರಿಯರು ಹೇಳಿದ್ದು ಯಾರನ್ನು ನೋಡಿ? ಗಾದೆಯಲ್ಲಿ ಅಕ್ಕತಂಗಿಯರಿಲ್ಲ. ಹಿತ್ತಿಲ ಒಂದು ಹಲಸಿನ ಮರಕ್ಕಾಗಿ ಇಬ್ಬರು ಗಂಡಸರು ಮೂರು ಕೋರ್ಟು ಹತ್ತಿದ್ದನ್ನು ನನ್ನೂರಲ್ಲೇ ಕಂಡಿದ್ದೇನೆ. ಘಟ್ಟ ಇಳಿದರೆ ತುಳುನಾಡಿನಲ್ಲಿ ಅಳಿಯಸಂತಾನದ ಕುಟುಂಬಗಳಿದ್ದವು. ಆಸ್ತಿ ಹೆಣ್ಣಿನ ಕವಲಿನಲ್ಲೇ ಹರಿಯುತ್ತಿತ್ತು. ಯಜಮಾನಿಕೆ ಬಹುಪಾಲು ಸೋದರಮಾವನ ಕೈಯಲ್ಲಿತ್ತು ಅನ್ನಿ, ಅದನ್ನು ಮರೆಸಬಾರದು. ಆದರೂ ಆ ಮನೆಗಳನ್ನು ಪಾಲು ಮಾಡಿಕೊಳ್ಳಲು 1949ರಲ್ಲಿ ಮದರಾಸು ಸರ್ಕಾರ ಕಾಯ್ದೆ ಮಾಡಿ ದಾರಿ ತೋರಿಸಬೇಕಾಯಿತು. ಅಲ್ಲಿಯವರೆಗೆ ಅವುಗಳಲ್ಲಿ ಬಹಳಷ್ಟು ಒಡೆಯದೆ ನಿಂತಿದ್ದವು.

‘ಇರುವುದೇ ಎರಡು ಎಕರೆ, ಐದು ಪಾಲು ಮಾಡಿದರೆ ಯಾರಿಗೆ ಏನು ಉಳಿಯುತ್ತದೆ?’ ಈ ಒಂದು ಪ್ರಶ್ನೆಗೆ ನಾನು ತಲೆಬಾಗುತ್ತೇನೆ. ಊರಲ್ಲೇ ಉಳಿದು ಬೆವರು ಸುರಿಸಿದವನಿಗೂ ಬೆಂಗಳೂರಿನಲ್ಲಿ ಕೂತವರಿಗೂ ಒಂದೇ ಲೆಕ್ಕವೇ ಎಂಬ ಸಂಕಟವೂ ಸುಳ್ಳಲ್ಲ. ಆದರೆ ಬೆಂಗಳೂರಿನಲ್ಲಿ ಕೂತ ತಮ್ಮನ ಬಿಡುಗಡೆ ಪತ್ರವನ್ನು ನೀವು ಕೇಳಿದ್ದೀರಾ? ಅವನ ಹೆಸರು ಪಹಣಿಯಲ್ಲಿದೆ, ನೀವು ಉಳುತ್ತಿದ್ದೀರಿ, ಸುಗ್ಗಿಗೆ ಅಕ್ಕಿ ಮೂಟೆ ಕಳಿಸುತ್ತೀರಿ. ಅಷ್ಟೇ ವ್ಯವಸ್ಥೆ ತಂಗಿಗೂ ಆಗುತ್ತದೆ. ಹೆಸರು ಹಾಕಿದರೆ ಬದು ಒಡೆಯಬೇಕಾಗಿಲ್ಲ. ಬಿಡುಗಡೆ ಪತ್ರದ ಮುದ್ರಾಂಕ ಅಗ್ಗವೆಂದು ನಾವು ಓಡುತ್ತೇವೆ. ಕುಟುಂಬದೊಳಗಿನ ವಿಭಾಗ ಪತ್ರಕ್ಕೂ ದಾನಪತ್ರಕ್ಕೂ ಸರ್ಕಾರ ಹಾಗೆಯೇ ಅಗ್ಗದ ದರ ಇಟ್ಟಿದೆ.

ಪಹಣಿಯಲ್ಲಿ ಹೆಸರಿಲ್ಲದವಳಿಗೆ ಬೆಳೆಸಾಲ ಸಿಗುವುದಿಲ್ಲ, ಬೆಳೆ ಪರಿಹಾರ ಬರುವುದಿಲ್ಲ, ರಸ್ತೆಗೆ ಜಮೀನು ಹೋದರೆ ನೋಟಿಸೂ ಬರುವುದಿಲ್ಲ. 2015–16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿದಾರರಲ್ಲಿ ಹೆಂಗಸರು ಶೇ 14ರ ಆಸುಪಾಸು. ನಾಟಿ ಮಾಡುವವರ, ಕಳೆ ಕೀಳುವವರ ಲೆಕ್ಕವನ್ನು ನೀವೇ ನಿಮ್ಮ ಗದ್ದೆಯ ಬದುವಿನ ಮೇಲೆ ನಿಂತು ಮಾಡಿ. ‘ಉಳುವವನೇ ಹೊಲದೊಡೆಯ’ ಎಂದು ಕೂಗಿದೆವು. ಟ್ರಿಬ್ಯೂನಲ್ಲಿನಲ್ಲಿ ಅಪ್ಪನನ್ನು ಕೇಳಿದ್ದು ಯಾರು ಉಳುತ್ತಿದ್ದರು ಎಂದು. ಯಾರು ನೆಟ್ಟರು ಎಂದು ಯಾರೂ ಕೇಳಲಿಲ್ಲ. ಹೆಣ್ಣು ನೇಗಿಲು ಮುಟ್ಟಬಾರದೆಂದು ನಾವೇ ಕಟ್ಟು ಮಾಡಿ, ಆಮೇಲೆ ನೇಗಿಲು ಹಿಡಿದವನಿಗೇ ಹೊಲ ಎಂದು ಕಾನೂನು ಮಾಡಿಸಿಕೊಂಡೆವು. ಅಮ್ಮ ನಲವತ್ತು ವರ್ಷ ನೆಟ್ಟ ಗದ್ದೆಯ ಯಾವ ಕಾಗದದಲ್ಲೂ ಅವಳ ಹೆಸರಿರಲಿಲ್ಲ, ಅವಳು ವಿಧವೆಯಾಗುವ ತನಕ.

ಕಾನೂನಿನಿಂದ ಏನೂ ಆಗಲಿಲ್ಲ ಎನ್ನುವವನಲ್ಲ ನಾನು. ಕರ್ನಾಟಕ, ಮಹಾರಾಷ್ಟ್ರಗಳ 1994ರ ತಿದ್ದುಪಡಿಯ ಪರಿಣಾಮವನ್ನು ಅರ್ಥಶಾಸ್ತ್ರಜ್ಞ ಕ್ಲಾಸ್ ಡೈನಿಂಗರ್ ಮತ್ತು ಸಂಗಡಿಗರು ಅಳೆದು ನೋಡಿದ್ದಾರೆ. ಹೆಣ್ಣುಮಕ್ಕಳಿಗೆ ಜಮೀನು ಸಿಗುವ ಸಾಧ್ಯತೆ ಹೆಚ್ಚಿತು, ಅಂತರ ಹೋಗಲಿಲ್ಲ. ಜೊತೆಗೆ ಹೆಣ್ಣುಮಕ್ಕಳ ಓದೂ ಹೆಚ್ಚಿತು. ಜಮೀನು ಕೊಡಲು ಮನಸ್ಸಿಲ್ಲದ ಅಪ್ಪ ಓದಿಸಿ ಋಣ ತೀರಿಸಿರಬಹುದು. ಇನ್ನೊಂದು ಅಧ್ಯಯನ, ಸೋನಿಯಾ ಭಲೋತ್ರಾ, ರೇಚಲ್ ಬ್ರೂಲೆ, ಸಂಚಾರಿ ರಾಯ್ ಅವರದು, ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಂಥ ಕಾನೂನು ಬಂದ ಕಡೆ, ಮೊದಲ ಮಗು ಹೆಣ್ಣಾದ ಮನೆಗಳಲ್ಲಿ, ಮುಂದಿನದು ಹೆಣ್ಣಾಗದಂತೆ ನೋಡಿಕೊಳ್ಳುವುದು ಹೆಚ್ಚಿತಂತೆ. ಪಾಲು ಕೊಡಬೇಕಲ್ಲ ಎಂದು ಹುಟ್ಟನ್ನೇ ತಡೆದರು. ಭ್ರೂಣಲಿಂಗ ಪತ್ತೆ ನಿಷೇಧದ ಕಾಯ್ದೆಯನ್ನು ಸಂಸತ್ತು ಮಾಡಿದ್ದೂ 1994ರಲ್ಲೇ. 2023ರಲ್ಲಿ ಮಂಡ್ಯದ ಒಂದು ಆಲೆಮನೆಯಲ್ಲಿ, ಬೆಲ್ಲ ಕಾಯಿಸುವ ಜಾಗದಲ್ಲಿ, ಕದ್ದು ಸ್ಕ್ಯಾನಿಂಗ್ ನಡೆಯುತ್ತಿದ್ದದ್ದು ಬಯಲಾಯಿತು. ಕಾನೂನು ಮನೆಯ ಬಾಗಿಲು ತಟ್ಟಿದಾಗ ಹಿತ್ತಿಲ ಬಾಗಿಲಿನಿಂದ ನಾವು ಎಲ್ಲಿಗೆ ಹೋಗಬಲ್ಲೆವು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಅಕ್ಕತಂಗಿಯರು ಯಾಕೆ ಸಹಿ ಹಾಕುತ್ತಾರೆ? ಇದನ್ನು ನಾನು ಬಹಳ ತಡವಾಗಿ ತಂಗಿಯನ್ನೇ ಕೇಳಿದೆ. ಅವಳು ಹೇಳಿದಳು: ‘ಹಾಕದಿದ್ದರೆ ಮುಂದಿನ ವರ್ಷ ಗೌರಿ ಹಬ್ಬಕ್ಕೆ ಕರೀತಿದ್ಯಾ?’ ನನಗೆ ಉತ್ತರ ಬರಲಿಲ್ಲ. ಗಂಡನ ಮನೆಯಲ್ಲಿ ಏನಾದರೂ ಆದರೆ ಒಂದು ರಾತ್ರಿ ಬಂದು ಮಲಗಲು ಜಾಗವಿರಲಿ ಎಂದು ಅವಳು ಒಂದೂವರೆ ಎಕರೆ ಕೊಟ್ಟಿದ್ದಳು. ತವರಿನ ಮೇಲೆ ಇಷ್ಟು ಹಾಡು ಕಟ್ಟಿದ ನಾಡು ನಮ್ಮದು. ತವರಿಗೆ ಬರುವ ಹಕ್ಕನ್ನು ಹೀಗೆ ಕ್ರಯಕ್ಕೆ ಮಾರುತ್ತಿದ್ದೇವೆ.

ಇನ್ನು ಕೆಲವರು ಸಹಿಯ ಗೋಜಿಗೂ ಹೋಗುವುದಿಲ್ಲ. ವಂಶವೃಕ್ಷ ಮಾಡಿಸುವಾಗ ಅಕ್ಕತಂಗಿಯರ ಹೆಸರನ್ನೇ ಬಿಟ್ಟು ಅಫಿಡವಿಟ್ ಕೊಡುತ್ತಾರೆ, ಆಮೇಲೆ ಪೌತಿ ಖಾತೆ ಸಲೀಸು. ಹೆತ್ತ ತಾಯಿಗೆ ಇಷ್ಟೇ ಮಕ್ಕಳು ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿ ಬರೆಯುವುದು. ಇದು ಸುಳ್ಳು ಪ್ರಮಾಣ, ಶಿಕ್ಷೆಯಾಗುವ ಅಪರಾಧ. ಜೊತೆಗೆ ಅಂಥ ಜಮೀನನ್ನು ಕೊಂಡವನು ಹತ್ತು ವರ್ಷದ ಮೇಲೆ ನಿಮ್ಮ ಜಗಲಿಗೆ ಬಂದು ಕೂರುತ್ತಾನೆ. ಅಲ್ಲಿ ಯಾವ ಭಾವುಕತೆಯೂ ಕೆಲಸಕ್ಕೆ ಬರುವುದಿಲ್ಲ.

ನನ್ನ 2001ರ ಕಾಗದ ಮಾತ್ರ ಗಟ್ಟಿಯಾಗಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ಆದ ಇಂಥ ನೋಂದಾಯಿತ ವಿಲೇವಾರಿಗಳನ್ನು 2005ರ ಕಾನೂನು ಮುಟ್ಟುವುದಿಲ್ಲ. ಆ ಕಾನೂನು ಹಿಡಿದು ಯಾರೂ ನನ್ನ ಮೇಲೆ ಕೋರ್ಟಿಗೆ ಹೋಗಿ ಗೆಲ್ಲುವಂತಿಲ್ಲ. ಕಾನೂನಿನ ಲೆಕ್ಕದಲ್ಲಿ ನಾನು ಗೆದ್ದಿದ್ದೇನೆ. ಹಾಗಾಗಿ ಉಳಿದದ್ದನ್ನು ನಾನೇ ಮಾಡಬೇಕಿತ್ತು.

ಕಳೆದ ವರ್ಷ ನನ್ನ ಪಾಲಿನ ತೋಟದಲ್ಲಿ ಹತ್ತು ಗುಂಟೆ ತಂಗಿಗೆ, ಹತ್ತು ಗುಂಟೆ ಅಕ್ಕನ ಮಗಳಿಗೆ ದಾನಪತ್ರ ಮಾಡಿದೆ. ಅಕ್ಕ ಈಗಿಲ್ಲ. ಅವರಿಗೆ ನ್ಯಾಯವಾಗಿ ಸೇರಬೇಕಾದದ್ದಕ್ಕಿಂತ ಇದು ತೀರ ಕಡಿಮೆ, ಯಾಕೆಂದರೆ ಅರ್ಧ ಜಮೀನು ನನ್ನ ತಮ್ಮನ ಹೆಸರಿನಲ್ಲಿದೆ. ಅವನು ಒಪ್ಪಿಲ್ಲ. ‘ನಿನಗೆ ಹುಚ್ಚು’ ಎಂದಿದ್ದಾನೆ. ಹೊಸ ಪಹಣಿ ಬಂದ ದಿನ ತಂಗಿಗೆ ಕೊಟ್ಟೆ. ಅವಳು ಕನ್ನಡಕ ಹಾಕಿಕೊಂಡು ಸರ್ವೆ ನಂಬರಿನಿಂದ ಹಿಡಿದು ಕೊನೆಯ ಸಾಲಿನವರೆಗೆ ಓದಿದಳು. ಮತ್ತೆ ಮೊದಲಿನಿಂದ ಓದಿದಳು.

ನಿಮ್ಮ ಕಾಗದ ಇನ್ನೂ ನೋಂದಣಿಯಾಗಿಲ್ಲವಾದರೆ ಹರಿದುಹಾಕಿ. ವಂಶವೃಕ್ಷದ ಅರ್ಜಿ ತುಂಬುತ್ತಿದ್ದರೆ ಎಲ್ಲರ ಹೆಸರೂ ಬರೆಯಿರಿ. ಅವಳು ‘ನನಗೇನೂ ಬೇಡ ಕಣೋ’ ಎಂದರೆ, ಮೊದಲು ಹೆಸರು ಹಾಕಿಸಿ, ಪಹಣಿ ಅವಳ ಕೈಗೆ ಕೊಟ್ಟು, ಒಂದೆರಡು ಸುಗ್ಗಿ ಕಳೆದ ಮೇಲೆ ಮತ್ತೆ ಕೇಳಿ.

ತಮ್ಮನಿಗೂ ಈ ಪತ್ರದ ಒಂದು ಪ್ರತಿ ಅಂಚೆಯಲ್ಲಿ ಕಳಿಸಿದ್ದೇನೆ.

ಇಂತು,
ನಿಮ್ಮಲ್ಲೊಬ್ಬ